ಬೇಸ್‌ಮೆಂಟಿನ ಪೆನಾಂಗ್

ಸಿಸಿಲಿಯಾ ಆ ಮಾತು ಎತ್ತಿದ್ದು ಗರಾಜಿನಲ್ಲಿ ನಿಂತು ಬಂಗುಡೆ ಹುರಿಯುತ್ತಿದ್ದಾಗ. ಅಮೆರಿಕದ ಬಾಥೆಲ್‌ನ ಆ ಮನೆಯಲ್ಲಿ ಮೀನು ಹುರಿಯುವುದೆಂದರೆ ಗರಾಜಿನಲ್ಲೇ. ಒಳಗೆ ಹುರಿದರೆ ಸೊಸೆ ಭಾವನಾಳ ಆಫೀಸಿನ ಕೋಟಿಗೆ ವಾಸನೆ ಹಿಡಿದು ಮೂರು ದಿನ ಬಿಡುವುದಿಲ್ಲ. ಹಾಗಾಗಿ ಕಾರು ಹೊರಗೆ ಮಳೆಯಲ್ಲಿ, ಕರೆಂಟ್ ಒಲೆ ಒಳಗೆ ಮಡಚುವ ಮೇಜಿನ ಮೇಲೆ, ಗರಾಜಿನ ಬಾಗಿಲು ಅರ್ಧ ಮೇಲೆ. ಗಂಡ ಫೆಲಿಕ್ಸ್ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಮೊದಲ ತುಂಡು ಯಾವಾಗಲೂ ಅವರಿಗೇ.

“ಜನವರಿಯಿಂದ ಮೂರು ತಿಂಗಳು ನಾನು ಪೆನಾಂಗಿನಲ್ಲಿ ಇರ್ತೇನೆ. ಕೆಲಸ ಅಲ್ಲಿಂದಲೇ ಮಾಡ್ತೇನೆ,” ಎಂದರು ಸಿಸಿಲಿಯಾ.

“ಪೆನಾಂಗ್ ಅಂದ್ರೆ ಎಲ್ಲಿ?”

“ಮಲೇಶಿಯಾ ಮಾರಾಯ್ರೇ. ಗ್ಲೋರಿಯಾ ಇದ್ದಾಳಲ್ಲ, ಅಲ್ಲಿ.”

ಫೆಲಿಕ್ಸ್ ಕಾವಲಿಯನ್ನೇ ನೋಡುತ್ತಿದ್ದರು. “ಮೀನು ಕರಟಿ ಹೋಗ್ತದೆ, ತಿರುಗಿಸು,” ಎಂದರು.

ಸಂಗತಿ ಹೀಗೆ. ಸಿಸಿಲಿಯಾರ ಕೆಲಸ ಟೈಪಿಂಗ್. ಕಾಲೇಜಿನ ಪಾಠಗಳ ವಿಡಿಯೋ ಕೇಳಿ, ಅದರ ಕೆಳಗೆ ಓಡುವ ಅಕ್ಷರಗಳನ್ನು ಟೈಪ್ ಮಾಡಿ ಕೊಡುವುದು. ಕಿವಿ ಕೇಳದ ಮಕ್ಕಳು ಅದನ್ನು ಓದಿಯೇ ಪಾಠ ಕಲಿಯಬೇಕು, ಹಾಗಾಗಿ ಬೆಳಗಿನ ಕ್ಲಾಸಿಗೆ ಮೊದಲೇ ಫೈಲು ತಲುಪಿರಬೇಕು. ಐವತ್ತನೇ ವಯಸ್ಸಿಗೆ ಸಿಕ್ಕಿದ ಕೆಲಸ, ಈಗ ಅವರಿಗೆ ಐವತ್ತೆಂಟು. ಮಂಗಳೂರಿನ ಹಂಪನಕಟ್ಟೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಗೆಳತಿ ಗ್ಲೋರಿಯಾಳ ಪಕ್ಕ ಕೂತು ಪಳಗಿಸಿದ ಬೆರಳುಗಳು, ಪ್ರೊಫೆಸರು ಎಷ್ಟು ಬೇಗ ಮಾತಾಡಿದರೂ ಹಿಂದೆ ಬೀಳುತ್ತಿರಲಿಲ್ಲ. ಕೇಳಿ ಕೇಳಿ ಅವರಿಗೆ ಲೋಕದ ವಿಷಯವೆಲ್ಲ ಗೊತ್ತಾಗಿಬಿಟ್ಟಿತ್ತು. ಊಟಕ್ಕೆ ಕೂತಾಗ ಇದ್ದಕ್ಕಿದ್ದ ಹಾಗೆ, “ಆಕ್ಟೋಪಸ್ಸಿಗೆ ಮೂರು ಹೃದಯ ಉಂಟು, ಗೊತ್ತುಂಟಾ?” ಎನ್ನುವರು. “ಒಂದು ನಂಗೆ ಕೊಟ್ಟಿದ್ರೆ ಆಗ್ತಿತ್ತು,” ಎಂದು ಬಿಪಿ ಮಾತ್ರೆ ನುಂಗುತ್ತ ಫೆಲಿಕ್ಸ್ ಹೇಳುವರು.

ಆದರೆ ನವೆಂಬರ್ ಬಂತೆಂದರೆ ಆ ಬೆರಳುಗಳ ತುದಿಗಳು ಸುಣ್ಣ ಬಳಿದ ಹಾಗೆ ಬಿಳಿಯಾಗಿ ಮರಗಟ್ಟುತ್ತಿದ್ದವು. ತುದಿ ಕತ್ತರಿಸಿದ ಕೈಗವಸು ಹಾಕಿದರು, ಬಿಸಿನೀರಿನ ಚೀಲ ಮಡಿಲಲ್ಲಿಟ್ಟುಕೊಂಡರು, ಏನೂ ನಡೆಯಲಿಲ್ಲ. ಹಿಂದಿನ ಚಳಿಗಾಲ ಹನ್ನೊಂದು ಫೈಲು ತಡ. ಕೆಲಸ ಹಂಚುವ ಡಯಾನ್ ಒಳ್ಳೆಯ ಹೆಂಗಸೇ, ಆದರೂ ಫೋನು ಮಾಡಿ ಹೇಳಿಬಿಟ್ಟಿದ್ದಳು: ಇನ್ನೊಂದು ಚಳಿಗಾಲ ಹೀಗಾದರೆ ಫೈಲು ಬೇರೆಯವರಿಗೆ. ಡಾಕ್ಟರು ಬೆಚ್ಚಗಿರಿ ಎಂದರು. ಬೆಚ್ಚಗಿರುವುದು ಹೇಗೆ? ಎವರೆಟ್‌ನ ವಿಮಾನದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದು ನಿವೃತ್ತರಾದ ಫೆಲಿಕ್ಸ್, ಮನೆಯ ಹೀಟರನ್ನು ಅರುವತ್ತಾರು ಡಿಗ್ರಿ ಫ್ಯಾರನ್‌ಹೀಟಿಗಿಂತ ಒಂದು ಕೂದಲೆಳೆ ಮೇಲೇರಲು ಬಿಡುವ ಆಸಾಮಿಯಲ್ಲ.

ಗ್ಲೋರಿಯಾ ಮದುವೆಯಾಗಿ ಪೆನಾಂಗಿಗೆ ಹೋದವಳು. ಮಕ್ಕಳು ಆಸ್ಟ್ರೇಲಿಯಾ ಸೇರಿದ ಮೇಲೆ ಅವಳ ಮನೆಯಲ್ಲಿ ಒಂದು ಕೋಣೆ ಖಾಲಿ. “ಇಲ್ಲಿ ವರ್ಷಪೂರ್ತಿ ಬೆವರು. ನಿನ್ನ ಬೆರಳು ಮರಗಟ್ಟಲಿಕ್ಕೆ ಐಸ್‌ಪೆಟ್ಟಿಗೆಗೆ ಕೈ ಹಾಕಬೇಕಷ್ಟೆ, ಬಾ,” ಎಂದು ಅವಳು ಆಗಸ್ಟಿನಿಂದ ಕರೆಯುತ್ತಿದ್ದಳು.

ಊಟದ ಮೇಜಿನಲ್ಲಿ ವಿಷಯ ಗೊತ್ತಾದಾಗ ಮಗ ರಾಯ್ಸ್ಟನ್ ಚಮಚ ಕೆಳಗಿಟ್ಟ.

“ಮಮ್ಮಿ, ಲ್ಯಾಪ್‌ಟಾಪ್ ಹಿಡ್ಕೊಂಡು ಬೀಚಿಗೆ ಹೋಗೂದು ನಮ್ಮ ಆಫೀಸಿನ ಇಪ್ಪತ್ತೈದು ವರ್ಷದ ಹುಡುಗರು. ನಿಮಗೆ ಎಂತ ಆಯ್ತು?”

“ಅವರಿಗೆ ಬೆರಳು ನೋಯೂದಿಲ್ಲ, ಆದ್ರೂ ಹೋಗ್ತಾರೆ. ನಂಗೆ ನೋಯ್ತದೆ, ನಾನು ಹೋಗ್ಬಾರದಾ?”

“ಇಲ್ಲಿ ಯಾರು ನೋಡ್ಕೊಳ್ಳೂದು?”

“ಯಾರನ್ನು? ನಿನ್ನನ್ನಾ? ನಿಂಗೆ ಮೂವತ್ತಾರು.”

ಏಳು ವರ್ಷದ ಮೊಮ್ಮಗಳು ಶಾಲೆಟ್ ಕಿಸಕ್ಕನೆ ನಕ್ಕಳು. ಭಾವನಾ ಮಾತ್ರ ತಟ್ಟೆ ನೋಡಿಕೊಂಡೇ, “ಹೋಗ್ಲಿ ಬಿಡು ರಾಯ್. ನಾವೇನು ಉಪವಾಸ ಬೀಳಲ್ಲ,” ಎಂದಳು. ಆ ಮಾತು ಸಿಸಿಲಿಯಾರಿಗೆ ಒಪ್ಪಿಗೆಯ ಹಾಗೂ ಕೇಳಿಸಲಿಲ್ಲ, ಜಗಳದ ಹಾಗೂ ಕೇಳಿಸಲಿಲ್ಲ. ಭಾವನಾ ಮೈಸೂರಿನವಳು. ಅವಳಿಗೆ ಕೊಂಕಣಿ ಬಾರದ್ದರಿಂದ ಎಂಟು ವರ್ಷದಿಂದ ಮನೆಯ ಮಾತು ಕನ್ನಡವಾಗಿತ್ತು. ಆದರೆ ಮನೆಯ ಅಡುಗೆ ಸಿಸಿಲಿಯಾರದೇ ಉಳಿದಿತ್ತು.

ಡಯಾನ್ ಒಂದು ಷರತ್ತು ಹಾಕಿದಳು. ಹೋಗುವ ಮೊದಲು ಮೂರು ವಾರ ಪೆನಾಂಗಿನ ಗಂಟೆಗೇ ಇಲ್ಲಿಂದ ಕೆಲಸ ಮಾಡಿ ತೋರಿಸಿ, ಒಂದೂ ಫೈಲು ತಡವಾಗದಿದ್ದರೆ ಹೋಗಿ. ಪೆನಾಂಗಿನ ಬೆಳಿಗ್ಗೆ ಒಂಬತ್ತು ಅಂದರೆ ಇಲ್ಲಿ ಹಿಂದಿನ ದಿನದ ಸಂಜೆ ಐದು. ಅಲ್ಲಿ ಸಂಜೆ ಐದಕ್ಕೆ ಮುಗಿಸಿದರೆ ಇಲ್ಲಿ ರಾತ್ರಿ ಒಂದು. ಅಂದರೆ ಮನೆಯಲ್ಲಿ ಎಲ್ಲರೂ ಹಸಿದು ಬರುವ ಹೊತ್ತಿಗೆ ಸರಿಯಾಗಿ ಸಿಸಿಲಿಯಾರ ಆಫೀಸು ಶುರು.

“ಹಾಗಾದ್ರೆ ಮನೆಗೂ ಟ್ರಯಲ್ ಆಗ್ಲಿ,” ಎಂದ ರಾಯ್ಸ್ಟನ್. “ಸಂಜೆ ಐದರಿಂದ ಬೇಸ್‌ಮೆಂಟೇ ಪೆನಾಂಗ್. ಮಮ್ಮಿ ಮೇಲೆ ಬರೂ ಹಾಗಿಲ್ಲ, ನಾವು ಕೆಳಗೆ ಹೋಗೂ ಹಾಗಿಲ್ಲ. ಬೇಕಾದ್ರೆ ಫೋನ್ ಮಾಡೂದು. ಮೂರು ವಾರ ಮನೆ ನಡೆದ್ರೆ ನಾನೇ ಟಿಕೆಟ್ ಬುಕ್ ಮಾಡ್ತೇನೆ.”

“ಪ್ರಾಮಿಸ್?”

“ಪ್ರಾಮಿಸ್.”

ಮಾರನೇ ದಿನ ಫೆಲಿಕ್ಸ್ ಲಿನ್‌ವುಡ್‌ನ ಅಂಗಡಿಗೆ ಹೋಗಿ ಎರಡು ಹೀಟರು ತಂದರು. ಬೇಸ್‌ಮೆಂಟಿನಲ್ಲಿ ಮೇಜಿನ ಆಚೆ ಒಂದು, ಈಚೆ ಒಂದು ಇಟ್ಟು, ಎಂಬತ್ತೆರಡು ಡಿಗ್ರಿಗೆ ತಿರುಗಿಸಿದರು. ಸಿಸಿಲಿಯಾ ಬಾಯಿ ತೆರೆದು ನೋಡಿದರು.

“ಕರೆಂಟ್ ಬಿಲ್ಲು?”

“ಪೆನಾಂಗಿನಲ್ಲಿ ನಂಗೆ ಬಿಲ್ಲು ಬರೂದಿಲ್ಲ,” ಎಂದು ಫೆಲಿಕ್ಸ್ ಮೆಟ್ಟಿಲು ಹತ್ತಿ ಹೋದರು.

ಮೊದಲ ವಾರ ಮನೆ ಹೂವೆತ್ತಿದ ಹಾಗೆ ನಡೆಯಿತು. ಬೇಸ್‌ಮೆಂಟಿನ ಸೂರಿನಲ್ಲಿ ಬಿಸಿಗಾಳಿ ಹೋಗುವ ಕೊಳವೆಯೊಂದಿತ್ತು. ಮೇಲಿನ ಅಡುಗೆಮನೆಯ ಮಾತೆಲ್ಲ ಅದರಲ್ಲಿ ಇಳಿದು ಬರುತ್ತಿತ್ತು. ಸಿಸಿಲಿಯಾ ಹೆಡ್‌ಫೋನನ್ನು ಒಂದು ಕಿವಿಗೆ ಹಾಕಿ, ಇನ್ನೊಂದನ್ನು ಕೊಳವೆಗೆ ಕೊಟ್ಟು ಕೂರುತ್ತಿದ್ದರು.

“ಮಾವ, ನಿಜವಾಗ್ಲೂ ನೀವೇ ಮಾಡಿದ್ರಾ? ಮೀನಿನ ಗಸಿ ಥೇಟ್ ಅತ್ತೆ ಮಾಡಿದ ಹಾಗೇ ಇದೆ!” ಭಾವನಾಳ ದನಿ.

“ಎಲ್ಲ ಇರೂದು ಸಣ್ಣ ಉರಿಯಲ್ಲಿ,” ಫೆಲಿಕ್ಸ್ ಹೇಳುತ್ತಿದ್ದರು. “ಹೆಂಗಸರು ಅವಸರ ಮಾಡ್ತಾರೆ. ತೆಂಗಿನಕಾಯಿ ನುಣ್ಣಗೆ ಅರೀಬೇಕು, ಹುಳಿ ಕಡೆಗೆ ಹಾಕ್ಬೇಕು.”

“ಡ್ಯಾಡಿ, ನಿಮಗೆ ಚಹಾ ಮಾಡ್ಲಿಕ್ಕೇ ಬರ್ತಿರ್ಲಿಲ್ಲ,” ರಾಯ್ಸ್ಟನ್.

“ನಿಮ್ಮಲ್ಲಿ ಯಾರು ಕೇಳಿದ್ದು? ಒಂದು ದಿನ ಕೇಳಿದ್ರಾ?”

ಕೆಳಗೆ ಸಿಸಿಲಿಯಾ ಬಾಯಿಗೆ ಸೆರಗಿಲ್ಲದ್ದಕ್ಕೆ ಸ್ವೆಟರಿನ ತೋಳನ್ನೇ ಒತ್ತಿ ಹಿಡಿದು ನಗುತ್ತಿದ್ದರು. ಆ ಗಸಿಯನ್ನು ಮಾಡಿದ್ದು ಅವರೇ. ಬೆಳಿಗ್ಗೆ ಎಂಟಕ್ಕೆ ಮಗ, ಸೊಸೆ ಆಫೀಸಿಗೆ, ಶಾಲೆಟ್ ಶಾಲೆಗೆ ಹೊರಟ ಕೂಡಲೇ ಅಜ್ಜ ಅಜ್ಜಿ ಇಬ್ಬರೂ ಗರಾಜು ಸೇರುತ್ತಿದ್ದರು. ಎರಡು ಒಲೆ, ಒಂದು ಮಿಕ್ಸಿ. ಕೋಳಿ ಸುಕ್ಕ, ಹುರುಳಿ ಸಾರು, ಪಲ್ಯ. ಡಬ್ಬಿಗೆ ತುಂಬಿ, ಮೇಲೆ ಟೇಪು ಅಂಟಿಸಿ, ‘ಮಂಗಳವಾರ’, ‘ಬುಧವಾರ’ ಎಂದು ಬರೆದು, ಗರಾಜಿನ ಹಳೇ ಫ್ರೀಜರಿನ ತಳಕ್ಕೆ ಇಟ್ಟು ಮೇಲೆ ಬಟಾಣಿಯ ಚೀಲ ಮುಚ್ಚುವುದು. ಸಂಜೆ ಫೆಲಿಕ್ಸ್ ಆಯಾ ದಿನದ ಡಬ್ಬಿ ತೆಗೆದು ಬಿಸಿ ಮಾಡಿ, ಸ್ವಲ್ಪ ಅರಿಶಿನ ಅಂಗಿಗೆ ಹಚ್ಚಿಕೊಂಡು ಬಡಿಸುವುದು. ಅರಿಶಿನದ ಉಪಾಯ ಫೆಲಿಕ್ಸರದೇ.

ಕಳ್ಳಾಟ ಚೆನ್ನಾಗಿಯೇ ಇತ್ತು, ನಿದ್ದೆಯೊಂದು ಬಿಟ್ಟು. ರಾತ್ರಿ ಒಂದಕ್ಕೆ ಮುಗಿಸಿ, ಬೆಳಿಗ್ಗೆ ಏಳಕ್ಕೆ ಎದ್ದು, ಮಧ್ಯಾಹ್ನವೆಲ್ಲ ಒಲೆಯ ಮುಂದೆ ನಿಂತರೆ ಐವತ್ತೆಂಟರ ದೇಹ ಎಷ್ಟು ದಿನ ಕೇಳೀತು? ಗುರುವಾರ ಸಮುದ್ರಜೀವಿಗಳ ಪಾಠವೊಂದನ್ನು ಟೈಪ್ ಮಾಡುತ್ತಿದ್ದಾಗ ಆ ಎಂಬತ್ತೆರಡು ಡಿಗ್ರಿಯ ಹಿತದಲ್ಲಿ ಕಣ್ಣು ಹತ್ತಿತು. ಎಚ್ಚರವಾದಾಗ ಪರದೆಯ ಮೇಲೆ ಒಂದೇ ಅಕ್ಷರ ಮೂರು ಪುಟ ಓಡಿತ್ತು. ಫೈಲು ನಲವತ್ತು ನಿಮಿಷ ತಡ.

ಡಯಾನ್ ಬರೆದದ್ದು ಎರಡೇ ಸಾಲು. ಬೆರಳಲ್ಲ, ಈ ಸಲ ಏನು? ಇನ್ನೊಂದು ತಡವಾದರೆ ನಾನು ಒಪ್ಪಿಗೆ ಕೊಡಲಾರೆ.

“ಇನ್ನು ಅಡುಗೆ ಬೇಡ. ನೀನು ಮಲಗು,” ಎಂದರು ಫೆಲಿಕ್ಸ್.

“ಅಡುಗೆ ಇಲ್ಲದಿದ್ರೆ ಮನೆ ನಡೀತದಾ? ಮನೆ ನಡೆಯದಿದ್ರೆ ರಾಯ್ಸ್ಟನ್ ಬಿಡ್ತಾನಾ? ನೀವು ನೀರುಳ್ಳಿ ಸುಲೀರಿ.”

ಎರಡನೇ ವಾರದ ಸೋಮವಾರ ಬಿರುಗಾಳಿ ಎದ್ದಿತು. ಭಾವನಾಳ ಆಫೀಸಿರುವ ರಸ್ತೆಯಲ್ಲಿ ಮರ ಬಿದ್ದು ಕರೆಂಟು ಹೋಗಿ, ಎಲ್ಲರನ್ನೂ ಮನೆಗೆ ಕಳಿಸಿದರು. ಹನ್ನೊಂದೂವರೆಗೆ ಗರಾಜಿನ ಬಾಗಿಲು ಗರಗರ ಮೇಲೇರಿತು. ಒಳಗೆ ಎರಡು ಒಲೆ ಉರಿಯುತ್ತಿದ್ದವು. ಸಿಸಿಲಿಯಾರ ಕೈಯಲ್ಲಿ ಸಟ್ಟುಗ, ಫೆಲಿಕ್ಸರ ಮುಂದೆ ನೀರುಳ್ಳಿಯ ಗುಡ್ಡೆ, ಮೇಜಿನ ತುಂಬ ಬಾಯಿ ತೆರೆದ ಡಬ್ಬಿಗಳು. ಭಾವನಾ ಕಾರಿನಿಂದಿಳಿದು ಒಂದು ಡಬ್ಬಿಯ ಟೇಪು ಓದಿದಳು.

“‘ಶುಕ್ರವಾರ’,” ಎಂದಳು. “ಇವತ್ತು ಸೋಮವಾರ ಅಲ್ವಾ, ಮಾವ?”

“ನಾನು ಕಲೀತಾ ಇದ್ದೆ,” ಎಂದರು ಫೆಲಿಕ್ಸ್. ಅವರ ಕಣ್ಣಲ್ಲಿ ನೀರಿಳಿಯುತ್ತಿತ್ತು. ಅದು ನೀರುಳ್ಳಿಯದು.

ಭಾವನಾ ನಗುತ್ತಾಳೆ ಎಂದು ಸಿಸಿಲಿಯಾ ಕಾದರು. ಅವಳು ನಗಲಿಲ್ಲ. ಹೆಗಲ ಚೀಲ ಕಾರಿನ ಮೇಲಿಟ್ಟಳು.

“ಅತ್ತೆ, ಒಂದು ಮಾತು ಕೇಳ್ಲಾ? ಎಂಟು ವರ್ಷದಲ್ಲಿ ಆ ಅಡುಗೆಮನೇಲಿ ನಂಗೆ ಒಂದು ಒಗ್ಗರಣೆ ಹಾಕಕ್ಕೆ ಬಿಟ್ಟಿದೀರಾ?”

“ನಾನು ಬೇಡ ಅಂದಿದ್ದೇನಾ?”

“ಬೇಡ ಅನ್ನಲ್ಲ ನೀವು. ನಾನು ಒಲೆ ಹತ್ರ ಬಂದ್ರೆ ‘ಸುಸ್ತಾಗಿದ್ದೀ, ಕೂತ್ಕೋ’ ಅಂತೀರ. ಮೊದಲು ನಂಗೆ ಪ್ರೀತಿ ಅನ್ನಿಸ್ತಿತ್ತು. ಈಗ ನೋಡಿದ್ರೆ ಮೂರು ತಿಂಗಳಿಗೆ ಹೊರಟು ನಿಂತೂ ಬೀಗದ ಕೈ ಬಿಡ್ತಿಲ್ಲ. ನನ್ ಕೈಲಿ ಆಗಲ್ಲ ಅಂತ ತೀರ್ಮಾನ ಮಾಡಿಬಿಟ್ಟಿದೀರಲ್ವಾ?”

“ಹಾಗಲ್ಲ ಮಾರಾಯ್ತಿ. ನಿಮಗೆ ಕಷ್ಟ ಆಗ್ಬಾರ್ದು ಅಂತ...”

“ಕಷ್ಟ ಆಗ್ಲಿ ಅತ್ತೆ! ಸ್ವಲ್ಪ ಕಷ್ಟ ಆಗ್ಲಿ ನಮಗೆ! ನಿಮ್ಮ ಮಗ ಮೂವತ್ತಾರು ವರ್ಷಕ್ಕೆ ಕುಕ್ಕರ್ ಮುಚ್ಚಳ ಯಾವ ಕಡೆ ತಿರುಗುತ್ತೆ ಅಂತ ಯೂಟ್ಯೂಬಲ್ಲಿ ನೋಡ್ತಾನೆ. ಅದು ಯಾರ ತಪ್ಪು?”

ಸಿಸಿಲಿಯಾ ಒಲೆ ಆರಿಸಿದರು. “ಫೈಲು ತಡ ಆಯ್ತು, ಗುರುವಾರ,” ಎಂದರು ಕಡೆಗೆ. “ನಿದ್ದೆ ಬಂತು. ಇನ್ನೊಂದು ತಡ ಆದ್ರೆ ಮುಗೀತು ಅಂದಿದ್ದಾಳೆ ಡಯಾನ್.”

ಭಾವನಾ ಅತ್ತೆಯ ಮುಖ ನೋಡಿದಳು, ಕಣ್ಣಿನ ಕೆಳಗಿನ ಕಪ್ಪು ನೋಡಿದಳು. “ಈ ಡಬ್ಬಿಗೋಸ್ಕರ ಕೆಲಸ ಕಳ್ಕೋತಿದ್ರಾ?” ಎಂದಳು. ಆಮೇಲೆ ಸಟ್ಟುಗವನ್ನು ಅವರ ಕೈಯಿಂದ ತೆಗೆದುಕೊಂಡಳು. “ಹೋಗಿ ಮಲಗಿ. ಮಾವ, ಆ ನೀರುಳ್ಳಿ ನಂಗೆ ಕೊಡಿ. ಅದನ್ನ ಹೆಚ್ಚೋದು ಹಾಗಲ್ಲ.”

ಅಲ್ಲಿಂದ ಶುರುವಾದದ್ದು ನಿಜವಾದ ಟ್ರಯಲ್. ಎಂಥ ಟ್ರಯಲ್! ಮಂಗಳವಾರ ಅನ್ನ ಮುದ್ದೆ, ಬುಧವಾರ ಅನ್ನ ಕಲ್ಲು. ರಾಯ್ಸ್ಟನ್ ಮಾಡಿದ ಹುಳಿಗೆ ಉಪ್ಪಿನ ಬದಲು ಸಕ್ಕರೆ ಬಿತ್ತು. “ಮೈಸೂರಿನ ಕಡೆ ಸಿಹಿ ಹಾಕ್ತಾರಲ್ಲ,” ಎಂದು ಅವನು ವಾದ ಮಾಡಿದ. “ಬೆಲ್ಲ ಚೂರು ಹಾಕ್ತಾರೆ, ಪಾಯಸ ಮಾಡಲ್ಲ!” ಎಂದು ಭಾವನಾ ಕಿರುಚಿದಳು. ಬಟ್ಟೆ ಒಗೆಯುವ ಮಶೀನಿನಿಂದ ಶಾಲೆಟ್‌ಳ ಬಿಳಿ ಅಂಗಿಗಳೆಲ್ಲ ಗುಲಾಬಿಯಾಗಿ ಹೊರಬಂದವು. “ಐ ಲವ್ ಇಟ್!” ಎಂದು ಅವಳೊಬ್ಬಳೇ ಕುಣಿದಳು. ಕಸದ ಡಬ್ಬಿ ಯಾರು ರಸ್ತೆಗೆ ಇಡಬೇಕೆಂಬ ಜಗಳ ಮುಗಿಯುವಷ್ಟರಲ್ಲಿ ಕಸದ ಲಾರಿ ಹೋಗಿಬಿಟ್ಟಿತ್ತು.

ಇದೆಲ್ಲ ಕೊಳವೆಯಲ್ಲಿ ಇಳಿದು ಬರುತ್ತಿತ್ತು. ಮೇಲೆ ಪಾತ್ರೆ ಬಿದ್ದರೆ ಕೆಳಗೆ ಸಿಸಿಲಿಯಾರ ಎದೆಗೆ ಬಿದ್ದ ಹಾಗೆ. ದಿನಕ್ಕೆ ನಾಲ್ಕು ಸಲವಾದರೂ ಕುರ್ಚಿಯಿಂದ ಅರ್ಧ ಏಳುವರು, ಮತ್ತೆ ಕೂರುವರು. ಮೊದಲ ಎರಡು ದಿನ ಫೋನು ಮಾಡಿ, “ಬೇಳೆಗೆ ಅರಿಶಿನ ಹಾಕಿದ್ದೀರಾ?” ಎಂದು ಕೇಳಿದರು. ಮೂರನೇ ದಿನ ಭಾವನಾ ಫೋನು ಎತ್ತಲೇ ಇಲ್ಲ.

ಕಡೆಯ ವಾರದ ಬುಧವಾರ ಎರಡು ಗಂಟೆಯ ದೊಡ್ಡ ಫೈಲೊಂದು ಬಂತು. ರಸಾಯನಶಾಸ್ತ್ರ, ಪರೀಕ್ಷೆಗೆ ಮುಂಚಿನ ಕಡೇ ಪಾಠ. ಪ್ರೊಫೆಸರಿಗೆ ಉಸಿರಾಡಲೂ ಪುರುಸೊತ್ತಿಲ್ಲದ ಮಾತು. ಸಿಸಿಲಿಯಾ ಲೆಕ್ಕ ಹಾಕಿದರು: ಒಂದು ನಿಮಿಷವೂ ಏಳದೆ ಕೂತರೆ ರಾತ್ರಿ ಒಂದು ಗಂಟೆಗೆ ಸರಿಯಾಗಿ ಮುಗಿದೀತು. ಕೂತರು.

ಏಳೂಕಾಲಿಗೆ ಮೇಲೆ ಹೊಗೆಯ ಅಲಾರಾಂ ಕಿರುಚಿಕೊಂಡಿತು.

ಹೆಡ್‌ಫೋನು ತೂರಿಕೊಂಡು ಬಂತು ಆ ಸದ್ದು. “ಅಜ್ಜೀ!” ಎಂದು ಶಾಲೆಟ್ ಕೂಗಿದಳು. ಯಾರೋ ಓಡಿದರು, ಏನೋ ಬಿತ್ತು, ರಾಯ್ಸ್ಟನ್ “ನೀರು ಹಾಕ್ಬೇಡ, ನೀರು ಹಾಕ್ಬೇಡ!” ಎನ್ನುತ್ತಿದ್ದ. ಸಿಸಿಲಿಯಾ ಹೆಡ್‌ಫೋನು ಕಿತ್ತೆಸೆದು ಮೆಟ್ಟಿಲಿಗೆ ಓಡಿದರು. ಹದಿಮೂರು ಮೆಟ್ಟಿಲು. ಹನ್ನೆರಡನೆಯದರಲ್ಲಿ ಬಾಗಿಲು ತೆರೆಯಿತು.

ಭಾವನಾ ಅಡ್ಡ ನಿಂತಿದ್ದಳು. ಕೂದಲೆಲ್ಲ ಹಿಟ್ಟು, ಕೈಯಲ್ಲಿ ಟವೆಲ್. ಹಿಂದೆ ಹೊಗೆ.

“ಎಂತ ಹೊತ್ತಿಕೊಂಡಿದೆ?”

“ಒಗ್ಗರಣೆ. ಆರಿಸಿ ಆಯ್ತು. ಅತ್ತೆ, ಪೆನಾಂಗಿಂದ ಇಲ್ಲಿಗೆ ಎಷ್ಟು ಗಂಟೆ ಫ್ಲೈಟು?”

“ಎಂತ?”

“ಎಷ್ಟು ಗಂಟೆ, ಹೇಳಿ.”

“ಇಪ್ಪತ್ತೆರಡು... ಇಪ್ಪತ್ಮೂರು. ಬಾಗಿಲು ಬಿಡು ಭಾವನಾ, ಮಗು ಕೂಗ್ತಾ ಉಂಟು.”

“ಹಾಗಾದ್ರೆ ನೀವು ತಲುಪೋದು ನಾಳೆ ಸಾಯಂಕಾಲ. ಅಷ್ಟೊತ್ತಿಗೆ ಹೊಗೆ ಹೋಗಿರುತ್ತೆ. ಶಾಲೆಟ್, ಅಜ್ಜಿಗೆ ಹೇಳು, ನೀನು ಆರಾಮಿದೀಯಾ?”

“ಐ ಆ್ಯಮ್ ಫೈನ್, ಅಜ್ಜಿ! ಪಪ್ಪಾ ಬರ್ನ್ಟ್ ಹಿಸ್ ಐಬ್ರೋಸ್!”

“ಸ್ವಲ್ಪವೇ!” ಎಂದಿತು ರಾಯ್ಸ್ಟನ್‌ನ ದನಿ ಒಳಗಿಂದ.

ಸಿಸಿಲಿಯಾ ಸೊಸೆಯ ಹೆಗಲ ಮೇಲಿಂದ ಇಣುಕಿದರು. ಫೆಲಿಕ್ಸ್ ಕುರ್ಚಿ ಹತ್ತಿ ಅಲಾರಾಮಿಗೆ ಪೇಪರಿನಿಂದ ಗಾಳಿ ಹಾಕುತ್ತಿದ್ದರು. ಬೆಂಕಿ ಇರಲಿಲ್ಲ, ಕಪ್ಪಾದ ಬಾಣಲೆಯೊಂದು ಸಿಂಕಿನಲ್ಲಿ ಕುಳಿತಿತ್ತು.

“ಫೈಲು ಎಷ್ಟಾಗಿದೆ?” ಎಂದು ಭಾವನಾ ಕೇಳಿದಳು.

“ಕಾಲು ಭಾಗ.”

“ಹೋಗಿ ಅತ್ತೆ,” ಎಂದಳು, ಈ ಸಲ ಮೆತ್ತಗೆ. “ದಯವಿಟ್ಟು. ನಾನಿದೀನಲ್ಲ.”

ಬಾಗಿಲು ಮುಚ್ಚಿತು. ಸಿಸಿಲಿಯಾ ಆ ಹನ್ನೆರಡನೇ ಮೆಟ್ಟಿಲಿನಲ್ಲಿ ಒಂದು ಕ್ಷಣ ನಿಂತರು. ಆಮೇಲೆ ಇಳಿದು ಬಂದು ಕೂತರು. ಎರಡೂ ಕಿವಿಗೆ ಹೆಡ್‌ಫೋನು ಸರಿಯಾಗಿ ಹಾಕಿಕೊಂಡರು, ಟ್ರಯಲ್ ಶುರುವಾದ ಮೇಲೆ ಮೊದಲ ಬಾರಿ. ಪ್ರೊಫೆಸರು ಓಡಿದ, ಬೆರಳುಗಳು ಓಡಿದವು. ಫೈಲು ಹೋದದ್ದು ಹನ್ನೆರಡು ಐವತ್ತಕ್ಕೆ.

ಡಯಾನ್‌ಳ ಒಪ್ಪಿಗೆ ಬಂದ ಶನಿವಾರ ರಾಯ್ಸ್ಟನ್, ಅರ್ಧ ಹುಬ್ಬಿನಲ್ಲೇ, ಲ್ಯಾಪ್‌ಟಾಪು ತೆರೆದು ಟಿಕೆಟ್ ಬುಕ್ ಮಾಡಿದ. “ಕಿಟಕಿಯಾ, ನಡುದಾರಿಯಾ?” ಎಂದು ಕೇಳಿದ. “ಕಿಟಕಿ,” ಎಂದರು ಸಿಸಿಲಿಯಾ. ಫೆಲಿಕ್ಸ್ ಗಂಟಲು ಸರಿಮಾಡಿಕೊಂಡು, “ನಂಗೆ ಸೆಖೆ ಆಗೂದಿಲ್ಲ. ಇಲ್ಲದಿದ್ರೆ ಬರ್ತಿದ್ದೆ,” ಎಂದರು. ಶಾಲೆಟ್‌ಳನ್ನು ಶಾಲೆಯ ಬಸ್ಸಿನಿಂದ ಇಳಿಸಿಕೊಳ್ಳುವ ಕೆಲಸ ಅವರದು. ಅದನ್ನು ಬಿಟ್ಟು ಅವರು ಎಲ್ಲಿಗೂ ಹೋಗುವವರಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಪೆನಾಂಗಿನ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಟ್ಟ ಕೂಡಲೇ ಸೆಖೆ ಒದ್ದೆ ಕಂಬಳಿಯ ಹಾಗೆ ಮೈಮೇಲೆ ಬಿತ್ತು. ಸಿಸಿಲಿಯಾ ಕೈ ಚಾಚಿ ಹತ್ತೂ ಬೆರಳು ನೋಡಿಕೊಂಡರು. ಕೆಂಪಗಿದ್ದವು. ಗ್ಲೋರಿಯಾ, “ಎಂತ, ಉಂಗುರ ಕಳಕೊಂಡಿಯಾ?” ಎಂದು ಕೇಳಿದಳು.

ಗ್ಲೋರಿಯಾಳ ಮನೆ ಸಮುದ್ರದ ಬದಿಯ ಕಟ್ಟಡದ ಹನ್ನೊಂದನೇ ಮಹಡಿಯಲ್ಲಿ. ಬೆಳಿಗ್ಗೆ ಆರೂವರೆಗೆ ಇಬ್ಬರೂ ಚಪ್ಪಲಿ ಹಾಕಿಕೊಂಡು ಮಾರುಕಟ್ಟೆಗೆ ಹೋಗುವರು. ಅಲ್ಲಿ ಬಂಗುಡೆ ಇನ್ನೂ ಮಿನುಗುತ್ತಿತ್ತು, ಹೆಸರು ಮಾತ್ರ ಬೇರೆ. ತೆಂಗಿನಕಾಯಿಯನ್ನು ಕಣ್ಣೆದುರೇ ಮಶೀನಿಗೆ ಹಿಡಿದು ತುರಿದು ಕೊಡುತ್ತಿದ್ದರು. ಬಾಥೆಲ್‌ನಲ್ಲಿ ಇಪ್ಪತ್ತೈದು ವರ್ಷ ಫ್ರೀಜರಿನ ಪ್ಯಾಕೆಟು ಒಡೆದ ಕೈಗೆ ಆ ತುರಿ ಇನ್ನೂ ಬೆಚ್ಚಗಿತ್ತು. ಬಾಳೆಲೆಯಲ್ಲಿ ಕಟ್ಟಿದ ಅನ್ನ, ಅದರೊಳಗೆ ಹುರಿದ ಪುಟ್ಟ ಮೀನು, ಖಾರದ ಚಟ್ನಿ. ತಿಂದು, ಸ್ನಾನ ಮಾಡಿ, ಒಂಬತ್ತಕ್ಕೆ ಫ್ಯಾನಿನ ಕೆಳಗೆ ಕೂತರೆ ಮಧ್ಯಾಹ್ನದವರೆಗೆ ಬೆರಳುಗಳಿಗೆ ತಡೆಯಿಲ್ಲ. ಎರಡನೇ ವಾರ ಡಯಾನ್ ಬರೆದಳು: ನಿಮ್ಮ ಫೈಲುಗಳು ಎಲ್ಲರಿಗಿಂತ ಮೊದಲು ಬರುತ್ತಿವೆ, ಇನ್ನೆರಡು ಕಳಿಸಲೇ?

ಒಂದು ದಿನ ಗುಡುಗಿಗೆ ಇಂಟರ್ನೆಟ್ ಹೋಯಿತು. ಸಿಸಿಲಿಯಾ ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಕೆಳಗಿನ ಕಾಫಿ ಅಂಗಡಿಗೆ ಓಡಿದರು. ಅಲ್ಲಿ ಚಡ್ಡಿ ಹಾಕಿದ ಗಡ್ಡದ ಬಿಳಿ ಹುಡುಗರು ನಾಲ್ವರು ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ಒಬ್ಬ ಜಾಗ ಬಿಟ್ಟುಕೊಟ್ಟ. ಸಿಸಿಲಿಯಾ ಟೈಪ್ ಮಾಡಲು ಶುರು ಮಾಡಿದ ಮೇಲೆ ನಾಲ್ವರೂ ತಮ್ಮ ಕೆಲಸ ನಿಲ್ಲಿಸಿ ಆ ಬೆರಳುಗಳನ್ನೇ ನೋಡಿದರು. “ಕಣ್ಣು ಬೀಳ್ತದೆ,” ಎಂದು ಗ್ಲೋರಿಯಾ ಆಮೇಲೆ ಉಪ್ಪು, ಮೆಣಸು ನಿವಾಳಿಸಿ ಒಲೆಗೆ ಹಾಕಿದಳು, ಇಬ್ಬರೂ ಇಗರ್ಜಿಗೆ ಹೋಗುವವರಾದರೂ.

ಆದರೆ ದಿನಕ್ಕೊಂದು ಸಲ ಕಣ್ಣು ಗಡಿಯಾರಕ್ಕೆ ಹೋಗುತ್ತಿತ್ತು. ಬೆಳಿಗ್ಗೆ ಹತ್ತೂವರೆಗೆ. ಬಾಥೆಲ್‌ನಲ್ಲಿ ಆಗ ಸಂಜೆ ಆರೂವರೆ, ಊಟದ ಹೊತ್ತು. ಇಲ್ಲಿ ಕೊಳವೆ ಇರಲಿಲ್ಲವಲ್ಲ. ಕೈಯಲ್ಲಿದ್ದುದನ್ನು ಬಿಟ್ಟು ಫೋನು ಮಾಡುವರು. ಮೊದಲ ವಾರ ಎಲ್ಲರೂ ಪರದೆಗೆ ಮುತ್ತಿಕೊಂಡರು. ಬರಬರುತ್ತ ಮಾತು ಚಿಕ್ಕದಾಯಿತು.

“ಎಂತ ಅಡುಗೆ ಇವತ್ತು?”

“ಬಿಸಿಬೇಳೆಬಾತು. ನಿನ್ನ ಮಗ ಮಾಡಿದ್ದು,” ಎಂದರು ಫೆಲಿಕ್ಸ್ ಒಂದು ದಿನ. “ತಿನ್ಲಿಕ್ಕೆ ಆಗ್ತದೆ. ನಾನು ಎರಡು ಸಲ ಹಾಕಿಸ್ಕೊಂಡೆ.”

“ಮನೆ ಹೀಟರು?”

“ಎಪ್ಪತ್ತು. ಭಾವನಾ ಏರಿಸ್ತಾಳೆ, ನಾನು ಇಳಿಸ್ತೇನೆ, ಅವಳು ಏರಿಸ್ತಾಳೆ. ಈಗ ಬಿಟ್ಟೆ.”

ಐದನೇ ವಾರದ ಮಂಗಳವಾರ ಸಿಸಿಲಿಯಾ ಹತ್ತೂವರೆಗೆ ಸರಿಯಾಗಿ ಫೋನು ಮಾಡಿದರು. ಶಾಲೆಟ್ ಎತ್ತಿದಳು. ಬಾಯಿ ತುಂಬ ಅನ್ನ.

“ಅಜ್ಜಿ, ವಿ ಆರ್ ಈಟಿಂಗ್.”

“ತಿನ್ನು ತಿನ್ನು ಪುಟ್ಟ. ಮಮ್ಮಾ ಎಲ್ಲಿ?”

“ಬ್ಯುಸಿ,” ಎಂದು ಅವಳು ಫೋನನ್ನು ಏನಕ್ಕೋ ಒರಗಿಸಿ ಇಟ್ಟು ಮರೆತೇಬಿಟ್ಟಳು. ಪರದೆಯ ತುಂಬ ಬಾಥೆಲ್‌ನ ಮನೆಯ ಸೂರು, ಒಂದು ದೀಪ. ಆದರೆ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

“ಮಾವ, ಹಪ್ಪಳ ನೀವು ಕರೀತೀರಾ?”

“ಸಣ್ಣ ಉರಿಯಲ್ಲಿ...”

“ಹಪ್ಪಳಕ್ಕೆ ಸಣ್ಣ ಉರಿ ಇಲ್ಲ ಮಾವ, ಎಣ್ಣೆ ಕುಡಿಯುತ್ತೆ! ರಾಯ್, ನಾಳೆ ಕಸದ ದಿನ.”

“ಆಗಲೇ ಇಟ್ಟು ಬಂದೆ.”

“ನಿಜವಾಗ್ಲೂ?”

“ನಿಜವಾಗ್ಲೂ ಮಾರಾಯ್ತಿ, ಹೋಗಿ ನೋಡು ಬೇಕಾದ್ರೆ!”

ತಟ್ಟೆಗಳ ಸದ್ದು. ಯಾರೋ ನೀರು ಕೇಳಿದರು, ಯಾರೋ ಕೊಟ್ಟರು. ಹಪ್ಪಳ ಮುರಿಯಿತು. ಯಾರೂ ಸಿಸಿಲಿಯಾರ ಹೆಸರೆತ್ತಲಿಲ್ಲ. ಅವರು ಫೋನನ್ನು ಹಿಡಿದು ಹಾಗೇ ಕೇಳುತ್ತ ಕೂತರು. ಒಂದು ಸಲ ಬಾಯಿ ತೆರೆದು, “ಹಪ್ಪಳದ ಎಣ್ಣೆ...” ಎಂದು ಹೇಳಹೊರಟು ನುಂಗಿಕೊಂಡರು. ಮೈಯೊಳಗೆ ಏನೋ ಸಡಿಲವಾಯಿತು. ಹೊತ್ತು ಹೊತ್ತು ಅಭ್ಯಾಸವಾದ ಗಂಟನ್ನು ಯಾರೋ ಕೇಳದೆಯೇ ಕೆಳಗಿಳಿಸಿಕೊಂಡ ಹಾಗೆ. ಒಂಚೂರು ನೋವೂ ಇತ್ತು, ನಗುವೂ ಬಂತು.

ಗ್ಲೋರಿಯಾ ಬಾಗಿಲಲ್ಲಿ ಇಣುಕಿದಳು. “ಮನೆಯಲ್ಲಿ ಎಲ್ಲ ಸರಿ ಉಂಟಾ?”

“ಉಂಟು,” ಎಂದರು ಸಿಸಿಲಿಯಾ. “ಭಾರೀ ಗಲಾಟೆ ಉಂಟು.”

ಫೋನನ್ನು ಅವರೇ ಕಟ್ ಮಾಡಿ ಮಗುಚಿ ಇಟ್ಟರು. ಬೆವರಿದ ಬೆರಳುಗಳನ್ನು ಟವೆಲ್ಲಿಗೆ ಒರೆಸಿ, ಮುಂದಿನ ಪಾಠ ಶುರು ಮಾಡಿದರು.